ಏಳುನೂರು ಲೀಟರ್ ನೀರು

ಬೆಂಗಳೂರಿನಿಂದ ಸುರಪುರಕ್ಕೆ ಹೋಗುವ ರಾತ್ರಿ ಬಸ್ಸಿನ ಕ್ಲೀನರ್ ನನ್ನ ಡಬ್ಬವನ್ನು ಡಿಕ್ಕಿಗೆ ತುಂಬುತ್ತ, “ಏನದರಿ ಅಕ್ಕೋರೆ ಇದ್ರಾಗ, ಇಷ್ಟ ವಜ್ಜಿ ಅದ?” ಅಂತ ಕೇಳಿದ. ಡಬ್ಬದ ಮೇಲೆ ನೀರೆರಚಿಕೊಂಡು ನಗುವ ಎರಡು ಮಕ್ಕಳ ಚಿತ್ರವಿತ್ತು. “ಗಾಳಿ ತುಂಬೋ ತೊಟ್ಟಿ, ಮಕ್ಕಳು ಆಡೋದು” ಅಂದೆ. ಅವನು ನನ್ನ ಏಳು ತಿಂಗಳ ಹೊಟ್ಟೆ ನೋಡಿ ನಕ್ಕ. “ಕೂಸು ಇನ್ನಾ ಹುಟ್ಟೇ ಇಲ್ಲ, ಆಗ್ಲೇ ಈಜು ಕಲಸಾಕ ಹೊಂಟೀರಿ ನೋಡ್ರಿ.” ನಾನೂ ನಕ್ಕೆ. ಆ ಕೂಸು ಹುಟ್ಟಬೇಕಾಗಿರೋದೇ ಆ ತೊಟ್ಟಿಯಲ್ಲಿ ಅಂತ ಮಾತ್ರ ಹೇಳಲಿಲ್ಲ. ಅದು ನನಗೆ ಮತ್ತು ನನ್ನ ಗಂಡನಿಗೆ ಮಾತ್ರ ಗೊತ್ತಿದ್ದ ಗುಟ್ಟು.

ಮನೆಯಲ್ಲೇ, ನೀರಿನಲ್ಲೇ ಹೆರಬೇಕು ಅನ್ನೋ ಹುಚ್ಚು ನನಗೆ ಎಲ್ಲಿಂದ ಹತ್ತಿತು ಅಂದರೆ, ಮೊದಲ ಕಾರಣ ಭಯ. ಆಫೀಸಿನ ಗೆಳತಿಯೊಬ್ಬಳು ತನ್ನ ಹೆರಿಗೆಯ ಕತೆ ಹೇಳಿದ್ದಳು. ಹದಿನಾಲ್ಕು ತಾಸು ಅಂಗಾತ ಮಲಗಿಸಿದ್ದರು, ಗಂಡನನ್ನು ಹೊರಗೆ ನಿಲ್ಲಿಸಿದ್ದರು, ಕಿರುಚಿದರೆ ಗದರಿದ್ದರು, ಕೊನೆಗೆ ಸಿಸೇರಿಯನ್ ಮಾಡಿದ್ದರು. ಅವಳೊಬ್ಬಳ ಕತೆಯಲ್ಲ ಅದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿದೆ. ಕರ್ನಾಟಕದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಇನ್ನೊಂದು ಕಡೆ, ಇಂಗ್ಲೆಂಡಿನ ಯಾವುದೋ ಮನೆಯ ವಿಡಿಯೋ. ಮಂದ ಬೆಳಕು, ನಡುಮನೆಯಲ್ಲಿ ನೀರು ತುಂಬಿದ ತೊಟ್ಟಿ, ಅದರಲ್ಲಿ ಮೊಣಕಾಲೂರಿ ಕೂತ ಹೆಂಗಸು, ಯಾರೂ ಗದರೋರಿಲ್ಲ. ನೀರಿನಿಂದ ಕೂಸನ್ನು ತಾನೇ ಎತ್ತಿ ಎದೆಗೆ ಹಾಕಿಕೊಳ್ಳುತ್ತಾಳೆ. ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನನಗೂ ಹಾಗೇ ಬೇಕು ಅನಿಸಿತು.

ನಾವು ಐಟಿಯವರು. ಆಸೆ ಹುಟ್ಟಿದ ಮೇಲೆ ಮುಂದಿನ ಹೆಜ್ಜೆ ಎಕ್ಸೆಲ್ ಶೀಟು. ನನ್ನ ಗಂಡ ಮೈಸೂರು ಕಡೆಯವನು, ಫ್ರಿಜ್ಜು ಕೊಳ್ಳೋಕೂ ಹದಿನಾರು ಕಾಲಂ ಮಾಡುವವನು. ತೊಟ್ಟಿಗೆ ಒಂಬತ್ತು ಕಾಲಂ ಮಾಡಿದ. ಒಳಗಿನ ಉದ್ದ, ಅಗಲ, ನೀರಿನ ಆಳ, ತಳದಲ್ಲಿ ಗಾಳಿ ತುಂಬುತ್ತೋ ಇಲ್ಲವೋ, ಹಿಡಿಕೆ, ಬಳಸಿ ಬಿಸಾಡುವ ಒಳಹೊದಿಕೆ, ಗೋಡೆಯ ಗಟ್ಟಿತನ, ನೀರು ಖಾಲಿ ಮಾಡುವ ದಾರಿ, ಬೆಲೆ.

ಇದಕ್ಕೆಂದೇ ಮಾಡಿದ ವಿದೇಶಿ ತೊಟ್ಟಿ ಸಾಗಣೆ, ಸುಂಕ ಎಲ್ಲಾ ಸೇರಿ ಇಪ್ಪತ್ತೈದು ಸಾವಿರ ದಾಟುತ್ತಿತ್ತು. ಒಂದು ದಿನದ ಕೆಲಸಕ್ಕೆ ಅಷ್ಟು ದುಡ್ಡು ಕೊಡೋಕೆ ಮನಸ್ಸು ಬರಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವವರು ಸಿಕ್ಕರು, ಆದರೆ ಯಾದಗಿರಿ ಜಿಲ್ಲೆ ಅಂದ ಕೂಡಲೇ ಆಚೆ ಕಡೆ ದನಿ ತಣ್ಣಗಾಯಿತು. ಊರಿನಲ್ಲಿರುವ ನನ್ನ ತಮ್ಮನಿಗೆ, ಸೆಕೆಗೆ ಕೂರೋಕೆ ಒಂದು ತೊಟ್ಟಿ ಬೇಕು ಅಂತಷ್ಟೇ ಹೇಳಿದ್ದೆ. “ಹಳೇ ನೀರಿನ ಟ್ಯಾಂಕ್ ನಡಾ ಕೊಯ್ದು ಕೊಡ್ತೀನಿ, ಫ್ರೀ” ಅಂದ. ಕೊಯ್ದ ಅಂಚಿನ ಮೇಲೆ ತೋಳೂರಿ ನೋವು ತಿನ್ನುವ ಚಿತ್ರ ಕಣ್ಮುಂದೆ ಬಂದು ಬೇಡ ಅಂದೆ. ಉಳಿದದ್ದು ಮಕ್ಕಳ ತೊಟ್ಟಿ. ಇಲ್ಲೊಂದು ಮೋಸವಿದೆ. ಡಬ್ಬದ ಮೇಲೆ ಬರೆದಿರೋದು ಹೊರಗೋಡೆಯ ಎತ್ತರ, ತುಂಬಬಹುದಾದ ನೀರು ಅದಕ್ಕಿಂತ ಎಷ್ಟೋ ಕಡಿಮೆ. ಕೂತಾಗ ಹೊಟ್ಟೆ ಪೂರ್ತಿ ಮುಳುಗಿ ಎದೆಯವರೆಗೆ ನೀರು ಬರದಿದ್ದರೆ ಮೈಯ ಭಾರ ಇಳಿಯೋದಿಲ್ಲ, ಅಂದರೆ ತೊಟ್ಟಿ ಯಾಕೆ ಬೇಕೋ ಆ ಕೆಲಸವೇ ಆಗೋದಿಲ್ಲ. ಹುಡುಕಿ ಹುಡುಕಿ, ತಳಕ್ಕೂ ಗಾಳಿ ತುಂಬುವ, ಒಂದೂಮುಕ್ಕಾಲು ಅಡಿ ನೀರು ಹಿಡಿಯುವ ಒಂದನ್ನು 3,200 ರೂಪಾಯಿಗೆ ಕೊಂಡೆವು. ಕೈಯಲ್ಲಿ ಹಿಡಿಯೋಕೆ ಹಿಡಿಕೆ ಇರಲಿಲ್ಲ. “ನನ್ನ ಕೈ ಹಿಡ್ಕೋ” ಅಂದ ಗಂಡ.

ಓದುತ್ತ ಓದುತ್ತ ಇನ್ನೊಂದು ವಿಷಯ ಗೊತ್ತಾಯಿತು. ಹೀಟರು, ಪಂಪು ಎಲ್ಲಾ ಕೂಡಿಸಿದ ತೊಟ್ಟಿಯಲ್ಲಿ ದಿನಗಟ್ಟಲೆ ಮೊದಲೇ ಬೆಚ್ಚನೆ ನೀರು ತುಂಬಿಟ್ಟುಕೊಳ್ಳುವುದರ ವಿರುದ್ಧ 2014ರ ಜೂನ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಎಚ್ಚರಿಕೆ ಕೊಟ್ಟಿದ್ದರು. ಅಂಥ ತೊಟ್ಟಿಯಲ್ಲಿ ಹುಟ್ಟಿದ ಕೂಸಿಗೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು. ಬೆಚ್ಚಗೆ ನಿಂತ ನೀರು ಸೂಕ್ಷ್ಮಜೀವಿಗಳಿಗೆ ತವರುಮನೆ. ಹಾಗಾಗಿ ನೋವು ಶುರುವಾದ ಮೇಲೇ ನೀರು ತುಂಬಬೇಕು, ಪೈಪು ಹೊಸದಿರಬೇಕು. ಅದಕ್ಕೂ ಒಂದು ಕಾಲಂ ಸೇರಿತು.

ನೀರಿನ ಲೆಕ್ಕ ಹಾಕಿದಾಗ ಇಬ್ಬರಿಗೂ ಬೆವರು ಬಂತು. ಐದಡಿ ಉದ್ದ, ಮೂರೂವರೆ ಅಡಿ ಅಗಲದ ಮೊಟ್ಟೆಯಾಕಾರ, ಒಂದೂಮುಕ್ಕಾಲು ಅಡಿ ಆಳ. ಹತ್ತಿರ ಹತ್ತಿರ 700 ಲೀಟರ್. ಅಂದರೆ 700 ಕಿಲೋ. ನಮ್ಮಲ್ಲಿ ಮನೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕದಲ್ಲಿ ಕಟ್ಟುತ್ತಾರೆ, ತೊಟ್ಟಿಯ ಕೆಳಗೆ ಅದು 500 ದಾಟುತ್ತದೆ. ನಮ್ಮ ಬಾಡಿಗೆ ಮನೆ ಇದ್ದದ್ದು ಮೂರನೇ ಮಹಡಿ. ಕೆಳಗಿನ ಮನೆಯ ಆಂಟಿಯ ತಲೆಯ ಮೇಲೆ ಹೆರೋದು ಬೇಡ ಅಂತ ನಿರ್ಧಾರವಾಯಿತು. ಹೇಗೂ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬೋನಾಳದ ನಮ್ಮ ಮನೆ ನೆಲಮಟ್ಟದ್ದು, ಫರಸಿ ಕಲ್ಲು ಹಾಸಿದ್ದು. ಏಳುನೂರಲ್ಲ, ಏಳು ಸಾವಿರ ಕಿಲೋ ಇಟ್ಟರೂ ಅಲ್ಲಾಡುವುದಿಲ್ಲ.

ಬೋನಾಳ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸುರಪುರ ತಾಲೂಕಿನ ಊರು, ಪಕ್ಷಿಧಾಮದಿಂದ ಹೆಸರಾದದ್ದು. ಕೆರೆ ಸುರಪುರದ ನಾಯಕ ಅರಸರ ಕಾಲದ್ದು, ಹತ್ತೊಂಬತ್ತನೇ ಶತಮಾನದಲ್ಲಿ ಮೆಡೋಸ್ ಟೇಲರ್ ಅದನ್ನು ದುರಸ್ತಿ ಮಾಡಿಸಿದ. ಚಳಿಗಾಲದಲ್ಲಿ ತಲೆಯ ಮೇಲೆ ಎರಡು ಕರಿಪಟ್ಟಿ ಇರುವ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ನನ್ನ ದಿನ ಬಿದ್ದಿದ್ದು ಜನವರಿಯಲ್ಲಿ. ಹಕ್ಕಿ ಬರುವ ಕಾಲಕ್ಕೆ ನನ್ನ ಕೂಸೂ ಬರುತ್ತೆ ಅಂತ ಒಳಗೊಳಗೇ ಹಿಗ್ಗಿದ್ದೆ.

ಊರಿಗೆ ಬಂದ ಮರುದಿನ ಆಯಿ ಡಬ್ಬ ಬಿಚ್ಚಿಸಿದಳು. ಎಂಬತ್ತು ದಾಟಿದ ನನ್ನ ಅಪ್ಪನ ತಾಯಿ. ತಮ್ಮ ಸೈಕಲ್ ಪಂಪಿನಿಂದ ಮುಕ್ಕಾಲು ತಾಸು ಗಾಳಿ ಹೊಡೆದ. ಪಡಸಾಲೆಯ ಅರ್ಧ ನುಂಗಿ ನೀಲಿ ತೊಟ್ಟಿ ನಿಂತಿತು. ಅವ್ವ ತಲೆಬಾಗಿಲು ಮುಂದೆ ಮಾಡಿದಳು, ನೆರೆಹೊರೆಯವರು ನೋಡಬಾರದು ಅಂತ. ಆಯಿ ಅಂಚು ಒತ್ತಿ ನೋಡಿದಳು, ಒಳಗೆ ಕೈಯಾಡಿಸಿದಳು. ಕೊನೆಗೆ ನಾನು ಗುಟ್ಟು ಬಿಟ್ಟೆ. ಅವ್ವ ಅಲ್ಲೇ ಕುಸಿದು ಕೂತಳು. ಆಯಿ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. “ನೀರು ಹ್ಯಾಂಗ ಕಾಸ್ತಿ?” ಅಂದಳು.

ನಾನು ಫೋನ್ ತೆಗೆದು ಲೆಕ್ಕ ಒಪ್ಪಿಸಿದೆ. ಜನವರಿಯ ನೀರು 22 ಡಿಗ್ರಿ ಅಂದುಕೊಂಡರೂ ಮೈಶಾಖಕ್ಕೆ, ಅಂದರೆ 37 ಡಿಗ್ರಿಗೆ ತರಬೇಕು. 37.5 ದಾಟಬಾರದು, ಕೂಸಿಗೆ ತೊಂದರೆ. 700 ಲೀಟರಿಗೆ ಹನ್ನೆರಡು ಯೂನಿಟ್ ಕರೆಂಟು ಬೇಕು. ಒಂದೂವರೆ ಕಿಲೋವ್ಯಾಟಿನ ರಾಡ್ ಆದರೆ ಎಂಟು ತಾಸು. ಅದೂ ತೊಟ್ಟಿಯೊಳಗಲ್ಲ, ಬೇರೆ ಪಾತ್ರೆಯಲ್ಲಿ ಕಾಸಿ ಸುರಿಯಬೇಕು. ತೊಟ್ಟಿಗೆ ರಾಡ್ ಇಳಿಬಿಟ್ಟರೆ ಪ್ಲಾಸ್ಟಿಕ್ ಸುಡುತ್ತೆ, ಒಳಗಿದ್ದವರಿಗೆ ಶಾಕ್ ಹೊಡೆದು ಪ್ರಾಣ ಹೋಗುತ್ತೆ.

“ಎಂಟ್ ತಾಸು ಕರೆಂಟ್ ಇರ್ತದೇನು? ನಾಕು ಹಂಡೆ ಕುದಿಯೂ ನೀರು, ಉಳದದ್ದು ತಣ್ಣೀರು. ಕೈ ಅದ್ದಿ ನೋಡಿದ್ರ ಆತು” ಅಂದಳು ಆಯಿ. ನಮ್ಮ ಹಂಡೆ ನಲವತ್ತು ಲೀಟರಿನದು. ರಾತ್ರಿ ಮಲಗಿ ಮನಸ್ಸಿನಲ್ಲೇ ತಾಳೆ ನೋಡಿದೆ. ನಾಲ್ಕು ಹಂಡೆ, ಸರಿಯಾಗಿತ್ತು. ನಮ್ಮ ಒಂಬತ್ತು ಕಾಲಮ್ಮಿನ ಶೀಟಿಗಿಂತ ಆಯಿಯ ಅಂದಾಜು ಚುರುಕು.

ಆ ವಾರವೇ ಆಶಾ ಅಕ್ಕ ತಾಯಿ ಕಾರ್ಡ್ ನೋಡೋಕೆ ಬಂದಳು. ಪಡಸಾಲೆಯ ತೊಟ್ಟಿ ಮುಚ್ಚಿಡೋಕೆ ಆಗಲಿಲ್ಲ. ಅವಳು ಎಲ್ಲಾ ಕೇಳಿಸಿಕೊಂಡಳು, ಚಹಾ ಕುಡಿದಳು, ಆಮೇಲೆ ಒಂದೇ ಪ್ರಶ್ನೆ ಕೇಳಿದಳು. “ತೊಟ್ಟಿ ಚಲೋ ಅದವ್ವಾ. ತೊಟ್ಟಿ ಬಾಜೂಕ ಯಾರ್ ಕುಂದರ್ತಾರ?”

ನಮ್ಮ ಶೀಟಿನಲ್ಲಿ ಆ ಕಾಲಂ ಇರಲಿಲ್ಲ.

ಇತ್ತು ಅಂತ ನಾನು ಅಂದುಕೊಂಡಿದ್ದೆ. ಬೆಂಗಳೂರಿನ ಒಬ್ಬರು ವಿಡಿಯೋ ಕಾಲಿನಲ್ಲಿ ಧೈರ್ಯ ಹೇಳುತ್ತೇವೆ ಅಂದಿದ್ದರು. ಅವರು ಹೆರಿಗೆ ಮಾಡಿಸುವವರಲ್ಲ, ಜೊತೆಗಿರುವವರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರೋದು ಮಾಳಿಗೆಯ ಮೇಲೆ. ಆಶಾ ಅಕ್ಕನಿಗೆ ಇದನ್ನು ಹೇಳುವಾಗ ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು. ನಾನು ನೋಡಿದ್ದ ವಿಡಿಯೋಗಳಲ್ಲಿ ಚೌಕಟ್ಟಿನ ಅಂಚಿನಲ್ಲಿ ಯಾವಾಗಲೂ ಒಬ್ಬಳು ಕೂತಿರುತ್ತಿದ್ದಳು. ಕೈಯಲ್ಲಿ ಕೂಸಿನ ಎದೆಬಡಿತ ಕೇಳುವ ಪುಟ್ಟ ಯಂತ್ರ, ಪಕ್ಕದಲ್ಲಿ ಚೀಲ. ಅವಳು ಸರಕಾರದ ಸಂಬಳ ತೆಗೆದುಕೊಳ್ಳುವ, ವರ್ಷಗಟ್ಟಲೆ ಕಲಿತ ಸೂಲಗಿತ್ತಿ. ನಾನು ಅಷ್ಟು ದಿನ ತೊಟ್ಟಿಯನ್ನೇ ನೋಡಿದ್ದೆ, ಅವಳನ್ನು ನೋಡಿರಲಿಲ್ಲ. ನಮ್ಮ ದೇಶದಲ್ಲಿ ಅಂಥ ತರಬೇತಿಯ ಮಾರ್ಗಸೂಚಿ ಬಂದಿದ್ದೇ 2018ರ ಡಿಸೆಂಬರಿನಲ್ಲಿ. ಬೋನಾಳಕ್ಕೆ ಅವಳು ಇನ್ನೂ ಬಂದಿಲ್ಲ.

ಹಳೇ ಕಾಲದ ಸೂಲಗಿತ್ತಿಯರು ಇದ್ದರಲ್ಲ, ಅಂತ ವಾದಿಸಿದೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. “ಹೌದವ್ವಾ, ಅಂಥಾಕಿ ಇದ್ರ ನಾನೇ ಕಾಲಿಗೆ ಬೀಳ್ತಿದ್ದೆ. ನಮ್ಮೂರಾಗ ಈಗ ಯಾರದಾರ ಹೇಳು?” ಅಂದಳು ಆಶಾ ಅಕ್ಕ. ಯಾರೂ ಇರಲಿಲ್ಲ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಕೈಗೆ ಕೆಲಸವಿಲ್ಲದೆ ಆ ವಿದ್ಯೆ ಮನೆಮನೆಯಲ್ಲೇ ಆರಿಹೋಗಿದೆ.

ಹೋಗುವ ಮುಂಚೆ ಅವಳು ಕಾರ್ಡ್ ತಿರುಗಿಸಿ ಒಂದು ಅಂಕಿ ತೋರಿಸಿದಳು. ಹಿಮೋಗ್ಲೋಬಿನ್ 9.8. ಬಸುರಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ನಮ್ಮ ರಾಜ್ಯದ ಬಸುರಿಯರಲ್ಲಿ ಅರ್ಧಕ್ಕೆ ತುಸುವೇ ಕಡಿಮೆ ಮಂದಿಗೆ ಇದೇ ಕತೆ. ಬೆಂಗಳೂರಿನಲ್ಲೂ ನನಗೆ ಹೇಳಿದ್ದರು, ಮಾತ್ರೆ ಬರೆದಿದ್ದರು. ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತೆ ಅಂತ ನಾನೇ ಅರ್ಧಕ್ಕೆ ಬಿಟ್ಟಿದ್ದೆ. ಒಳಹೊದಿಕೆಯ ದಪ್ಪ ಎಷ್ಟು ಮೈಕ್ರಾನ್ ಅಂತ ನನಗೆ ಬಾಯಿಪಾಠವಿತ್ತು. ನನ್ನ ರಕ್ತದ ಅಂಕಿ ಬಾಯಿಪಾಠವಿರಲಿಲ್ಲ.

ಅಂದು ಸಂಜೆ ಆಯಿ ನನ್ನನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದಳು. ನಡೆಯಬೇಕು, ಕಾಲು ಬಾತಿದ್ದು ಇಳಿಯುತ್ತೆ ಅಂತ ನೆಪ. ಹೆಬ್ಬಾತುಗಳು ಆಗಲೇ ಬಂದಿದ್ದವು, ದೂರದ ನೀರಿನಲ್ಲಿ ಬೂದಿ ಚೆಲ್ಲಿದ ಹಾಗೆ. ಏರಿಯ ಒಂದು ಕಡೆ ಆಯಿ ನಿಂತಳು.

“ಇಲ್ಲೇ ನನ್ನ ತಂಗಿ ಜೀವ ಬಿಟ್ಳು” ಅಂದಳು.

ಈ ಏರಿಯ ಮೇಲೆ ಓಡಾಡಿಯೇ ನಾನು ಬೆಳೆದಿದ್ದೆ, ಈ ಮಾತು ಕೇಳಿದ್ದು ಅವತ್ತೇ ಮೊದಲು. ಆ ಅಜ್ಜಿ ಆಗ ಹತ್ತೊಂಬತ್ತರ ಹುಡುಗಿ, ಇದೇ ಊರಿಗೆ ಕೊಟ್ಟಿದ್ದರು. ಹೆರಿಗೆ ಸಲೀಸಾಗಿ ಆಗಿತ್ತು, ಗಂಡು ಕೂಸು. ಹೆರಿಗೆ ಮಾಡಿಸಿದ ಮುದುಕಿ ಪಳಗಿದ ಕೈಯವಳೇ. ಆದರೆ ಮಾಸು ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಕೌದಿ ಹಾಸಿ ಬಂಡಿಯಲ್ಲಿ ಮಲಗಿಸಿಕೊಂಡು ರಾತ್ರಿಯೇ ಸುರಪುರದ ದಾರಿ ಹಿಡಿದರು. “ಏರಿ ದಾಟೂದ್ರಾಗ ಆಕಿ ಕೈ ತಣ್ಣಗಾತು. ನಾನs ಹಿಡಕೊಂಡಿದ್ದೆ. ಆ ಮುದುಕಿ ಏನೂ ತಪ್ಪ್ ಮಾಡಿಲ್ಲವ್ವಾ. ಆಕಿ ಕೈಯಾಗ ಔಷಧ ಇದ್ದಿಲ್ಲ, ನಮ್ಮ ಕೈಯಾಗ ಮೋಟಾರ್ ಇದ್ದಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ನೀ ಎಲ್ಲಿ ಹೆರ್ತಿ ಅಂತ ನಾ ಹೇಳಾಂಗಿಲ್ಲ. ಈ ದಾರಿ ಎಷ್ಟ್ ಉದ್ದ ಅದ ಅಂತ ಮಾತ್ರ ಹೇಳ್ದೆ” ಅಂದಳು.

ಈಗ ಆ ದಾರಿ ಜೀಪಿನಲ್ಲಿ ಅರ್ಧ ತಾಸು. ಅರ್ಧ ತಾಸು ಅಂದರೆ ಕಡಿಮೆ ಅನಿಸುತ್ತೆ. ಗಾಡಿ ಹುಡುಕುವುದು, ನೀರಿನಿಂದ ಎತ್ತುವುದು, ಒದ್ದೆ ಮೈಗೆ ಸೀರೆ ಸುತ್ತುವುದು ಅದರಲ್ಲಿ ಸೇರಿಲ್ಲ. ಅದಕ್ಕೂ ದೊಡ್ಡ ತೊಡಕು, ನೀರಿನೊಳಗೆ ರಕ್ತ ಎಷ್ಟು ಹೋಯಿತು ಅಂತ ಅಳೆಯೋದೇ ಕಷ್ಟ. 700 ಲೀಟರ್ ನೀರು ಕೆಂಪಾಗಲು ಸ್ವಲ್ಪವೇ ರಕ್ತ ಸಾಕು, ಹೆಚ್ಚು ಹೋದರೂ ಹಾಗೇ ಕಾಣುತ್ತೆ. ಅವತ್ತು ರಾತ್ರಿ 2018ರ ಜುಲೈಯಲ್ಲಿ ತಿರುಪ್ಪೂರಿನಲ್ಲಿ ನಡೆದದ್ದು ನೆನಪಾಯಿತು. ವಿಡಿಯೋ ನೋಡಿ ಮನೆಯಲ್ಲೇ ಹೆರಿಗೆ ಮಾಡಿಕೊಳ್ಳಲು ಹೋದ ದಂಪತಿ, ಕೂಸು ಉಳಿಯಿತು, ತಾಯಿ ರಕ್ತಸ್ರಾವದಿಂದ ಹೋದಳು. ಆಗ ಆ ಸುದ್ದಿ ಓದಿ ‘ಎಂಥಾ ಮೂರ್ಖರು’ ಅಂದಿದ್ದೆ. ನಮ್ಮಲ್ಲಿದ್ದ ವ್ಯತ್ಯಾಸ ಒಂದು ಎಕ್ಸೆಲ್ ಶೀಟು ಮಾತ್ರ.

ಗಂಡನಿಗೆ ಮಾಳಿಗೆ ಹತ್ತಿ ಫೋನ್ ಮಾಡಿದೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, “ನಾನು ಮೊದಲಿಂದ ಹೆದರಿದ್ದೆ ಕಣೇ. ಹೇಳಿದ್ರೆ ನಿನ್ನ ಆಸೆಗೆ ಅಡ್ಡ ಬಂದ ಹಾಗಾಗುತ್ತೆ ಅಂತ ಕಾಲಂ ಮಾಡ್ತಾ ಕೂತಿದ್ದೆ” ಅಂದ. ನಾನೂ ಅದನ್ನೇ ಮಾಡಿದ್ದೆ. ದೊಡ್ಡ ಪ್ರಶ್ನೆ ಕೇಳಿಕೊಳ್ಳೋಕೆ ಹೆದರಿಕೆಯಾದಾಗ ನಾವು ಸಣ್ಣ ಪ್ರಶ್ನೆಗೆ ಬಹಳ ಚೆನ್ನಾಗಿ ಉತ್ತರ ಹುಡುಕುತ್ತೇವೆ.

ನೀರು ಮಾತ್ರ ನಾನು ಪೂರ್ತಿ ಬಿಡಲಿಲ್ಲ. ಈ ಪದ್ಧತಿಯನ್ನು ಹೆಸರುವಾಸಿ ಮಾಡಿದ ಫ್ರಾನ್ಸಿನ ಡಾಕ್ಟರ್ ಮಿಶೆಲ್ ಒಡಾಂ ಪಿತಿವಿಯೇ ಎಂಬ ಊರಿನ ಆಸ್ಪತ್ರೆಯಲ್ಲಿ ತೊಟ್ಟಿ ಇಟ್ಟದ್ದು ನೋವು ಇಳಿಸೋಕೆ. ಕೆಲವರು ನೀರಿನಿಂದ ಏಳಲು ಒಲ್ಲದೆ ಅಲ್ಲೇ ಹೆತ್ತರು. ಅಂಥ ನೂರು ಹೆರಿಗೆಗಳ ಬಗ್ಗೆ 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅಂದರೆ ಆ ನೂರೂ ನಡೆದದ್ದು ಆಸ್ಪತ್ರೆಯೊಳಗೆ. ನೋವಿನ ಮೊದಲ ಹಂತದಲ್ಲಿ ನೀರಿನಲ್ಲಿದ್ದರೆ ಬೆನ್ನಿಗೆ ಕೊಡುವ ನೋವುನಿವಾರಕದ ಚುಚ್ಚುಮದ್ದು ಬೇಕಾಗುವುದು ಕಡಿಮೆ ಅಂತ 2018ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಅಮೆರಿಕದ ಹೆರಿಗೆ ತಜ್ಞರ ಸಂಘವೂ 2016ರಲ್ಲಿ ಹೇಳಿದ್ದು ಇದನ್ನೇ: ತೊಂದರೆಯಿಲ್ಲದ ಬಸುರಿ ಮೊದಲ ಹಂತದಲ್ಲಿ ನೀರಿನಲ್ಲಿರಬಹುದು, ಹೆರುವುದು ಮಾತ್ರ ನೆಲದ ಮೇಲಾಗಲಿ. ಇದನ್ನು ಆಯಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ನಮ್ಮತ್ತಿ ಬ್ಯಾನಿ ಬಂದಾಗ ಬಚ್ಚಲದಾಗ ಕುಂದರಿಸಿ ಟೊಂಕಕ್ಕ ಬಿಸಿನೀರು ಹಾಕ್ತಿದ್ಳು. ಅದಕ್ಕ ಫ್ರಾನ್ಸಿಗಿ ಯಾಕ ಹೋಗಬೇಕು?”

ಹಾಗಾಗಿ ಹೊಸ ಪ್ಲಾನು. ಕಬ್ಬಿಣದ ಮಾತ್ರೆ ಊಟವಾದ ಮೇಲೆ ತಪ್ಪದೆ, ಮೇಲೊಂದು ಲಿಂಬು ಶರಬತ್ತು. ಸುರಪುರದಲ್ಲಿ ಹೆರಿಗೆ. ಗಾಡಿಯವನ ನಂಬರು ಗೋಡೆಯ ಮೇಲೆ, ಅದರ ಕೆಳಗೆ 108. ಹೆರಿಗೆ ಕೋಣೆಯಲ್ಲಿ ಅವ್ವ ಜೊತೆಗಿರಬೇಕು ಅಂತ ಮೊದಲೇ ಹೋಗಿ ಕೇಳಿಬಂದೆ. 2017ರಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಹೆರಿಗೆಗೆ ಸಂಗಾತಿ ಇರಲಿ ಅಂತಲೇ ಇದೆ. ಕೇಳಿದ್ದಕ್ಕೆ ಸಿಕ್ಕಿತು. ಬಹುಶಃ ಬೆಂಗಳೂರಿನಲ್ಲೂ ನಾನು ಕೇಳಬೇಕಿದ್ದದ್ದು ಇದನ್ನೇ. ನನಗೆ ನಿಜವಾಗಿ ಬೇಕಾಗಿದ್ದದ್ದು ಗದರದ ದನಿ ಮತ್ತು ಹಿಡಿಯೋಕೆ ಒಂದು ಕೈ.

ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಬ್ಯಾನಿ ಶುರುವಾಯಿತು. ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಆಶಾ ಅಕ್ಕ ಬಂದು ನೋಡಿ, ಇನ್ನೂ ವೇಳೆ ಇದೆ ಅಂದಳು. ಅರ್ಧ ತಾಸು ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂತೆ. ಆಯಿ ಹಂಡೆಯಿಂದ ತಂಬಿಗೆ ತಂಬಿಗೆ ನೀರು ಟೊಂಕಕ್ಕೆ ಸುರಿದಳು. ಒಲೆಯ ಹೊಗೆ, ಕತ್ತಲು, ನೀರಿನ ಸದ್ದು. ನೋವು ಹೋಗಲಿಲ್ಲ, ಆದರೆ ಅದರ ಹಲ್ಲು ಮೊಂಡಾಯಿತು. ನಾನು ನೋಡಿದ ಯಾವ ವಿಡಿಯೋಗಿಂತ ಅದು ಕಡಿಮೆಯಿರಲಿಲ್ಲ. ನಾಲ್ಕಕ್ಕೆ ಗಾಡಿ ಹತ್ತಿದೆವು. ಏರಿ ದಾಟುವಾಗ ಅವ್ವ ನನ್ನ ಕೈ ಹಿಡಿದಿದ್ದಳು. ಬೆಚ್ಚಗಿತ್ತು.

ಬೆಳಿಗ್ಗೆ ಒಂಬತ್ತೂವರೆಗೆ ಮಗಳು ಹುಟ್ಟಿದಳು. ಕೂಡಲೇ ತೊಡೆಗೆ ಒಂದು ಇಂಜೆಕ್ಷನ್. ಅದು ಎಲ್ಲರಿಗೂ ಕೊಡುವ ಆಕ್ಸಿಟೋಸಿನ್, ಗರ್ಭಕೋಶ ಬಿಗಿದು ರಕ್ತ ನಿಲ್ಲಲಿ ಅಂತ. ಮಾಸು ಬಿತ್ತು. ಆದರೂ ರಕ್ತ ನಿಲ್ಲಲಿಲ್ಲ. ನರ್ಸಮ್ಮ ಮಾತಾಡದೆ ಹೊಟ್ಟೆ ಒತ್ತಿ ತಿಕ್ಕತೊಡಗಿದರು, ಇನ್ನೊಬ್ಬರು ಸಲೈನ್ ಹಚ್ಚಿದರು, ಡಾಕ್ಟರು ಬಂದರು, ಮತ್ತೊಂದು ಇಂಜೆಕ್ಷನ್. ಯಾರೂ ಓಡಲಿಲ್ಲ, ಯಾರೂ ಕಿರುಚಲಿಲ್ಲ. ಎಲ್ಲಾ ಸೇರಿ ಇಪ್ಪತ್ತು ನಿಮಿಷವಿರಬೇಕು. ಆಮೇಲೆ “ನಿಂತದ ನೋಡವ್ವಾ” ಅಂದರು ನರ್ಸಮ್ಮ. ಆ ಇಪ್ಪತ್ತು ನಿಮಿಷವನ್ನು ನಾನು ಪಡಸಾಲೆಯ ನೀಲಿ ತೊಟ್ಟಿಯಲ್ಲಿಟ್ಟು ಯೋಚಿಸೋಕೆ ಇವತ್ತಿಗೂ ಧೈರ್ಯ ಮಾಡಿಲ್ಲ.

ಇದನ್ನು ಓದಿ, ಮನೆಹೆರಿಗೆಯೇ ತಪ್ಪು, ನೀರೇ ತಪ್ಪು ಅಂತ ಯಾರೂ ಅಂದುಕೊಳ್ಳಬೇಡಿ. ಒಂದೇ ಕೂಸು, ತಲೆ ಕೆಳಗೆ, ದಿನ ತುಂಬಿದೆ, ಬಿಪಿ ಇಲ್ಲ, ಸಕ್ಕರೆ ಇಲ್ಲ, ಹಿಂದೆ ಸಿಸೇರಿಯನ್ ಆಗಿಲ್ಲ, ರಕ್ತ ಸಾಕಷ್ಟಿದೆ. ಬಾಜೂಕ ಕಲಿತ ಕೈ ಇದೆ, ಬಾಗಿಲಲ್ಲಿ ಗಾಡಿ ಇದೆ, ಹತ್ತಿರ ಆಪರೇಷನ್ ಕೋಣೆ ಇದೆ. ಇಷ್ಟಕ್ಕೂ ‘ಹೌದು’ ಬಂದರೆ ಆಮೇಲೆ ತೊಟ್ಟಿಯ ಮಾತು. ನೀರಿನಲ್ಲಿ ಹೆರಿಗೆ ಮಾಡಿಸುವ ಕೇಂದ್ರಗಳು ಬೆಂಗಳೂರು, ಹೈದರಾಬಾದಿನಲ್ಲಿವೆ, ಹೋಗಿ ಕೇಳಿ. ನಾವು ಮಾತ್ರ ಪಟ್ಟಿಯನ್ನು ತಲೆಕೆಳಗು ಮಾಡಿದ್ದೆವು. ಎಲ್ಲಕ್ಕಿಂತ ಅಗ್ಗದ ವಸ್ತುವನ್ನು ಎಲ್ಲಕ್ಕಿಂತ ಜಾಸ್ತಿ ಯೋಚಿಸಿ ಕೊಂಡೆವು.

ತೊಟ್ಟಿ ಈಗಲೂ ಬೋನಾಳದಲ್ಲಿದೆ. ಮಗಳಿಗೆ ಒಂದು ವರ್ಷ ತುಂಬಿದ ಮೇಲೆ ಬಂದ ಏಪ್ರಿಲ್ಲಿನಲ್ಲಿ ಅಂಗಳದಲ್ಲಿ ಅದಕ್ಕೆ ಮೊಣಕಾಲು ಮುಳುಗುವಷ್ಟು ನೀರು ತುಂಬಿ ಓಣಿಯ ಆರು ಹುಡುಗರ ಜೊತೆ ಅವಳನ್ನೂ ಇಳಿಸಿದೆವು, ಪಕ್ಕದಲ್ಲೇ ನಾನು ಕೂತೆ. ಅರ್ಧ ತಾಸಿನಲ್ಲಿ ಜಾಲಿಮುಳ್ಳು ಚುಚ್ಚಿ ತೂತಾಯಿತು. ತಮ್ಮ ಸೈಕಲ್ ಅಂಗಡಿಗೆ ಒಯ್ದು ಪಂಚರ್ ಹಾಕಿಸಿಕೊಂಡು ಬಂದ. ಇಪ್ಪತ್ತು ರೂಪಾಯಿ.

ಶೀಟಿನ ಬೆಲೆಯ ಕಾಲಮ್ಮಿನಲ್ಲಿ ನನ್ನ ಗಂಡ ಅದನ್ನೂ ಸೇರಿಸಿದ್ದಾನೆ. 3,220.